ಇದ್ದಷ್ಟು ಜನರನ್ನೇ ಎಣಿಸಿದವರು

ಜನಸಂಖ್ಯಾ ಸಮೀಕ್ಷೆಯ ಕ್ಷೇತ್ರದಲ್ಲಿ ಮಹಾನಗರಗಳನ್ನು ಎಣಿಸಿ ಕೀರ್ತಿ ಪಡೆದವರು ಅನೇಕರಿದ್ದಾರೆ. ಆದರೆ ದಿನದಿನಕ್ಕೆ ಬರಿದಾಗುತ್ತಿರುವ ಸೀಮೆಯೊಂದನ್ನು ತಮ್ಮ ಸೇವಾವಧಿಯುದ್ದಕ್ಕೂ ಮನೆಮನೆ ತಿರುಗಿ ಎಣಿಸಿ, ಪ್ರತಿ ಸಲವೂ ಹಿಂದಿಗಿಂತ ಚಿಕ್ಕ ಸಂಖ್ಯೆಯನ್ನು ಸರ್ಕಾರದ ಮುಂದಿಟ್ಟು, ಅದರ ಫಲವನ್ನು ಕಣ್ಣಾರೆ ಕಂಡವರು ನನಗೆ ತಿಳಿದಂತೆ ಒಬ್ಬರೇ. ಕಚೇರಿಯಲ್ಲಿ ನಮಗೆಲ್ಲ ಅವರು ಮೇಡಂ. ಹಳ್ಳಿಗಳ ಬಾಯಲ್ಲಿ ಲೆಕ್ಕದಮ್ಮ. ಅವರ ನಿವೃತ್ತಿಯ ಈ ಸಂದರ್ಭದಲ್ಲಿ ಹೊರಬರುತ್ತಿರುವ ಅಭಿನಂದನ ಸಂಪುಟಕ್ಕೆ ನಾಲ್ಕು ಮಾತು ಬರೆಯುವ ಗೌರವ ಅವರ ಕೈಕೆಳಗೆ ಪಳಗಿದ ನನ್ನ ಪಾಲಿಗೆ ಬಂದಿದೆ.

ಅವರು ಇಲ್ಲಿಗೆ ಬಂದಾಗ ಹೊಸದಾಗಿ ಕೆಲಸಕ್ಕೆ ಸೇರಿದ್ದ ತರುಣಿ. ಈ ಸೀಮೆಗೆ ವರ್ಗವಾದವರು ಹಾಸಿಗೆ ಬಿಚ್ಚುವ ಮೊದಲೇ ಮರುವರ್ಗಕ್ಕೆ ಅರ್ಜಿ ಹಾಕುವುದು ವಾಡಿಕೆಯಾಗಿದ್ದ ಕಾಲವದು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಲು ಗುಡ್ಡ ಹತ್ತಿಳಿಯಬೇಕು. ಮೇಡಂ ಅರ್ಜಿ ಹಾಕಲಿಲ್ಲ. ಗಟ್ಟಿ ಅಟ್ಟೆಯ ಬೂಟು ಕೊಂಡರು.

ನಾನು ಕಿರಿಯ ಗಣತಿದಾರನಾಗಿ ಸೇರಿದ ಮೊದಲ ವಾರದಲ್ಲೇ ಅವರು ನನಗೆ ಕಲಿಸಿದ ಪಾಠ ಯಾವ ಕೈಪಿಡಿಯಲ್ಲೂ ಇರಲಿಲ್ಲ. "ಬಾಗಿಲಲ್ಲಿ ನಿಂತ ತಕ್ಷಣ ಪ್ರಶ್ನೆ ಶುರು ಮಾಡ್ಬೇಡ. ಮೊದಲು ಕುಡಿಯೋಕೆ ನೀರು ಕೇಳು. ನೀರು ತರೋಕೆ ಎಷ್ಟು ಹೊತ್ತು ಮಾಡ್ತಾರೆ, ಅರ್ಧ ಲೋಟ ಕೊಡ್ತಾರೋ ತುಂಬಿ ಕೊಡ್ತಾರೋ ನೋಡು. ಅರ್ಧ ಸಮೀಕ್ಷೆ ಅಲ್ಲೇ ಮುಗೀತು." ಅವರ ಚೀಲದಲ್ಲಿ ಪ್ರಶ್ನಾವಳಿಗಿಂತ ಹೆಚ್ಚಾಗಿ ಇರುತ್ತಿದ್ದುದು ಯಾರೋ ಮುದುಕಿ ಹೇಳಿಕಳಿಸಿದ ಕನ್ನಡಕ, ಯಾರದೋ ರೇಡಿಯೋಗೆ ಬ್ಯಾಟರಿ, ರಕ್ತದೊತ್ತಡದ ಮಾತ್ರೆ. "ಎಣಿಸೋಕೆ ಹೋಗೋದು ಹೌದು, ಬರಿಗೈಲಿ ಹೋದ್ರೆ ಹೇಗಯ್ಯಾ?" ಎನ್ನುತ್ತಿದ್ದರು.

ಅವರ ಮೊದಲ ವರದಿಯ ಬಲದಿಂದಲೇ ಗುಡ್ಡದಾಚೆಯ ಹಳ್ಳಿಗಳಿಗೆ ಕೈಪಂಪುಗಳು ಬಂದವು. ನದಿಯ ಈಚೆ ದಡದಲ್ಲಿ ಒಂದು ಪುಟ್ಟ ಹೆರಿಗೆ ವಾರ್ಡು ತೆರೆಯಿತು. ವಾರ್ಡಿನಲ್ಲಿ ಹುಟ್ಟಿದ ಮೊದಲ ಹೆಣ್ಣುಮಗುವನ್ನು ಎತ್ತಿಕೊಂಡು ಅವರು ನಗುತ್ತಿರುವ ಚಿತ್ರ ಈ ಸಂಪುಟದಲ್ಲಿದೆ. ಅಷ್ಟು ನಿರಾಳವಾಗಿ ನಕ್ಕ ಅವರ ಮುಖವನ್ನು ನಾನು ಆ ಚಿತ್ರದಲ್ಲಲ್ಲದೆ ಬೇರೆಲ್ಲೂ ಕಂಡಿಲ್ಲ.

ಆಮೇಲಿನದು ಇಳಿಜಾರಿನ ಕಥೆ. ಗಣಿ ಮುಚ್ಚಿತು, ಶಾಲೆಗಳು ಒಂದರಲ್ಲೊಂದು ಸೇರಿದವು, ಬೀಗ ಹಾಕಿದ ಮನೆಗಳ ಸೂರು ಕುಸಿಯಿತು. ಇಂತಿಷ್ಟು ಜನಸಂಖ್ಯೆ ಇಲ್ಲದ ಕಡೆ ಹೆರಿಗೆ ವಾರ್ಡು ಇರಕೂಡದೆಂದು ಹೊಸ ನಿಯಮ ಬಂದ ವರ್ಷವೇ ನಮ್ಮ ಸಮೀಕ್ಷೆಯೂ ಬಂತು. ಆ ಸಲ ಕೈಪಂಪು ರಿಪೇರಿಯವನ ಮನೆಗೆ ನಾನೂ ಮೇಡಂ ಜೊತೆ ಹೋಗಿದ್ದೆ. ನೀರು ತಂದುಕೊಟ್ಟ ಅವನ ಹೆಂಡತಿ ಬಸುರಿ. "ಹೊಟ್ಟೇಲಿರೋದನ್ನೂ ಬರ್ಕೊಳ್ಳಿ ಲೆಕ್ಕದಮ್ಮ, ನಮ್ಮೂರಿಗೆ ಒಂದು ತಲೆ ಜಾಸ್ತಿ ಆಗ್ಲಿ" ಎಂದು ತಮಾಷೆ ಮಾಡಿದಳು. "ಹುಟ್ಲಿ ತಾಯಿ, ನಾನೇ ಬಂದು ಬರ್ಕೊಳ್ತೀನಿ" ಎಂದರು ಮೇಡಂ.

ಎಣಿಕೆ ಮುಗಿದಾಗ ಸಂಖ್ಯೆ ನಿಯಮಕ್ಕಿಂತ ತುಸುವೇ ಕಡಿಮೆ ಇತ್ತು. ವಿಷಯ ಹೇಗೋ ಹಬ್ಬಿ, ವಾರ್ಡಿನ ದಾದಿ ಕಚೇರಿಗೆ ಓಡಿಬಂದರು. "ಅಕ್ಕಾ, ಊರು ಬಿಟ್ಟು ಹೋದೋರನ್ನೂ ಸೇರಿಸ್ಬಿಡಿ. ಅವರ ಮನೆ ಇಲ್ಲೇ ಇದೆಯಲ್ಲ? ಯಾರು ಬಂದು ನೋಡ್ತಾರೆ?"

"ಮನೆ ಇದೆ, ಜನ ಇಲ್ವಲ್ಲಮ್ಮ. ಇಲ್ಲದೋರನ್ನ ಇದ್ದಾರೆ ಅಂತ ಬರೆದ್ರೆ, ನಾಳೆ ಇರೋರ ಕಷ್ಟ ಬರೆದಾಗ ಯಾರು ನಂಬ್ತಾರೆ?"

ದಾದಿ ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಟುಹೋದರು. ಮೇಡಂ ಇದ್ದಷ್ಟು ಜನರನ್ನೇ ಬರೆದು ಸಹಿ ಹಾಕಿದರು. ಅದರೊಂದಿಗೆ, ಇಲ್ಲಿ ತಲೆಗಳನ್ನಲ್ಲ, ಆಸ್ಪತ್ರೆಗಿರುವ ದೂರವನ್ನು ಅಳೆಯಬೇಕೆಂದು ವಾದಿಸುವ ಒಂದು ಅಧ್ಯಾಯವನ್ನೂ ಸೇರಿಸಿದರು. ಮೇಲಧಿಕಾರಿ "ಇದು ವರದಿನಾ, ಕಾದಂಬರಿನಾ?" ಎಂದು ಫೋನಿನಲ್ಲಿ ನಕ್ಕು ಅಧ್ಯಾಯವನ್ನು ಕಿತ್ತುಹಾಕಿಸಿದರು. ಪಂಪು ಕೇಳಿದಾಗ ಆಮೆಯಾಗಿದ್ದ ಸರ್ಕಾರ ಬೀಗ ಹಾಕುವಾಗ ಮೊಲವಾಯಿತು. ಚಳಿಗಾಲಕ್ಕೆ ಮುನ್ನವೇ ವಾರ್ಡು ಮುಚ್ಚಿತು.

ರಿಪೇರಿಯವನ ಹೆಂಡತಿಗೆ ದಿನ ತುಂಬುವ ಮೊದಲೇ ನೋವು ಬಂತು. ನಗರದ ಆಸ್ಪತ್ರೆಗೆ ಹೊರಟ ವ್ಯಾನು ಕಣಿವೆಯ ಮಂಜಿನಲ್ಲಿ ತೆವಳುತ್ತ ಸಾಗಿತು. ಹೆರಿಗೆ ದಾರಿಯಲ್ಲೇ ಆಯಿತು, ಮಗು ಅತ್ತಿತು, ತಾಯಿಯ ರಕ್ತ ನಿಲ್ಲಲಿಲ್ಲ.

ಕೆಲವು ದಿನಗಳ ಮೇಲೆ ರಿಪೇರಿಯವನು ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಕಚೇರಿಗೆ ಬಂದ. ಕೂಗಾಡಲಿಲ್ಲ. "ಬರ್ಕೊಳ್ತೀನಿ ಅಂದಿದ್ರಲ್ಲ, ಬರ್ಕೊಳ್ಳಿ" ಎಂದಷ್ಟೇ ಹೇಳಿ ಮೇಜಿನ ಮುಂದೆ ನಿಂತ. ಮೇಡಂ ಪೆನ್ನು ಹಿಡಿದರು, ಬರೆಯಲಾಗಲಿಲ್ಲ. ಅವನು ಹೋದ ಮೇಲೆ ನನಗೆ ಹೇಳಿದರು: "ಒಂದು ಜೀವ ಹೋಯ್ತು, ಒಂದು ಬಂತು. ನಮ್ಮ ಕೋಷ್ಟಕದಲ್ಲಿ ಏನೂ ಆಗೇ ಇಲ್ಲ ನೋಡು."

ಮಗುವನ್ನು ನೋಡಿಕೊಳ್ಳುವವರಿಲ್ಲದೆ ಅವನು ಅಕ್ಕನ ಊರಿಗೆ ಹೋಗಿಬಿಟ್ಟ. ಅವನು ಹೋದ ಮೇಲೆ ಕೈಪಂಪು ಕೆಟ್ಟರೆ ಕೇಳುವವರಿಲ್ಲ. ನೀರಿಲ್ಲದೆ ಅಕ್ಕಪಕ್ಕದವರೂ ಗಂಟುಮೂಟೆ ಕಟ್ಟಿದರು. ಆ ಬಳಿಕ ಮೇಡಂ ಬಸುರಿಯರನ್ನು ಕಚೇರಿಯ ಜೀಪಿನಲ್ಲಿ ದಿನ ತುಂಬುವ ಮೊದಲೇ ನಗರಕ್ಕೆ ಕರೆದೊಯ್ದು ಬಿಟ್ಟುಬರತೊಡಗಿದರು. ಸರ್ಕಾರಿ ವಾಹನದ ದುರ್ಬಳಕೆಯೆಂದು ಮೆಮೊ ಬಂದಾಗ ಸ್ವಂತದ್ದೊಂದು ಹಳೆಯ ಕಾರು ಕೊಂಡರು. ಕೊನೆಕೊನೆಗೆ ಕರೆದೊಯ್ಯಲು ಬಸುರಿಯರೇ ಇರಲಿಲ್ಲ. ಕಿತ್ತುಹಾಕಿದ ಆ ಅಧ್ಯಾಯವನ್ನು ಮುಂದಿನ ಪ್ರತಿ ವರದಿಗೂ ಅವರು ಸೇರಿಸಿದರು. ಪ್ರತಿ ಸಲವೂ ಮೇಲಿನವರು ಅದನ್ನು ಕಿತ್ತರು.

ಈ ಲೇಖನ ಬರೆಯುವ ಮುನ್ನ ಅವರನ್ನು ಕಂಡು, ಪ್ರಾಮಾಣಿಕತೆಯ ಬಗ್ಗೆ ಬರೆಯುತ್ತೇನೆಂದೆ. ಅವರು ತಡೆದರು. "ಸುಳ್ಳು ಬರೆದಿದ್ರೆ ಅವಳು ಬದುಕಿರ್ತಿದ್ಲು. ಅದು ಮೊದಲೇ ಗೊತ್ತಿದ್ದಿದ್ರೆ ಏನು ಬರೀತಿದ್ದೆ ಅಂತ ಇಷ್ಟು ವರ್ಷ ಯೋಚಿಸಿದ್ದೀನಿ. ಉತ್ತರ ಸಿಕ್ಕಿಲ್ಲ. ಹೊಗಳೋದಾದ್ರೆ ಇದನ್ನೂ ಸೇರಿಸಿ ಹೊಗಳು. ಇಲ್ಲಾಂದ್ರೆ ಬೇಡ."

ಅವರ ಮಾತಿನಂತೆ ಸೇರಿಸಿದ್ದೇನೆ.

ಅವರೊಂದಿಗೆ ಅವರ ಹುದ್ದೆಯೂ ನಿವೃತ್ತವಾಗುತ್ತಿದೆ. ಕಚೇರಿ ನಗರಕ್ಕೆ ಸೇರಿಹೋಗುತ್ತದೆ, ಅದರೊಂದಿಗೆ ನಾನೂ. ಮೇಡಂ ಮಾತ್ರ ನದಿಯ ಈಚೆ ದಡದಲ್ಲೇ ಮನೆ ಹಿಡಿದಿದ್ದಾರೆ. ಇಂಥ ಲೇಖನದ ಕೊನೆಯಲ್ಲಿ ದೀರ್ಘಾಯುಷ್ಯ ಕೋರುವುದು ಪದ್ಧತಿ. ವೈದ್ಯರಿಲ್ಲದ, ಬಸ್ಸು ನಿಂತ, ಕರೆದರೆ ಓಗೊಡುವ ನೆರೆಮನೆಯಿಲ್ಲದ ಆ ಜಾಗದಲ್ಲಿ ದೀರ್ಘಾಯುಷ್ಯವೆಂದರೆ ಏನೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಹಾಗಾಗಿ ಆ ಮಾತು ಬರೆಯಲು ನನ್ನ ಕೈ ತಡೆಯುತ್ತದೆ. ಆದರೂ ಅವರು ಬಾಳಲಿ. ಬಹುಕಾಲ ಬಾಳಲಿ. ಅವರಿರುವವರೆಗೆ ಆ ಊರನ್ನು ಜನವಿಲ್ಲದ ಊರೆಂದು ಯಾರೂ ಬರೆಯುವಂತಿಲ್ಲ.