ಪ್ರಾರ್ಥನಾ ಪತ್ರದಲ್ಲಿ ಮಗಳು

2015ರ ಚಳಿಗಾಲ. ಮಲಾವಿಯಿಂದ ರಜೆಗೆಂದು ಆಕ್ಲೆಂಡಿನ ದಕ್ಷಿಣಕ್ಕಿರುವ ಹ್ಯಾಮಿಲ್ಟನ್‌ಗೆ ಬಂದಿಳಿದ ಮೊದಲ ಭಾನುವಾರವೇ ನಾನು ಮಾಡಿದ ತಪ್ಪು ಕಣ್ಣೆದುರು ಬಂದು ನಿಂತಿತು. ಆರಾಧನೆ ಮುಗಿದು ಚರ್ಚಿನ ಹಾಲ್‌ನಲ್ಲಿ ಎಲ್ಲರೂ ಟೀ ಕುಡಿಯುತ್ತಿದ್ದೆವು. ಒಬ್ಬ ಬಿಳಿಗೂದಲಿನ ಅಜ್ಜಿ ನನ್ನ ಹನ್ನೊಂದು ವರ್ಷದ ಮಗಳ ಎರಡೂ ಕೈ ಹಿಡಿದುಕೊಂಡು, ನಾಲ್ಕು ಜನಕ್ಕೆ ಕೇಳುವಂತೆ ಇಂಗ್ಲಿಷಿನಲ್ಲಿ ವಿಚಾರಿಸಿದರು. ನಿನಗೋಸ್ಕರ ದಿನಾ ಪ್ರಾರ್ಥನೆ ಮಾಡುತ್ತಿದ್ದೆ ಮಗು, ಈಗ ಹಾಸಿಗೆ ಒದ್ದೆಯಾಗುವುದು ನಿಂತಿದೆಯೇ ಎಂದು.

ಮಗಳು ನನ್ನ ಕಡೆ ತಿರುಗಿದಳು. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ಮುಖದಲ್ಲಿ ಬರೀ ಗಲಿಬಿಲಿ. ಈ ಅಜ್ಜಿಗೆ ಇದು ಹೇಗೆ ಗೊತ್ತಾಯಿತು ಎಂದು ಪಾಪ, ನನ್ನನ್ನೇ ಕಣ್ಣಲ್ಲಿ ಕೇಳುತ್ತಿದ್ದಳು.

ಗೊತ್ತಾದದ್ದು ನನ್ನಿಂದಲೇ. ನಾವು ಮೈಸೂರಿನವರು. ಗಂಡನ ಕೆಲಸದಿಂದಾಗಿ ಹ್ಯಾಮಿಲ್ಟನ್ ಸೇರಿ, ಅಲ್ಲಿನ ಚರ್ಚ್ ಸಭೆಯವರೇ ಕಳಿಸಿದ್ದರಿಂದ ಮಲಾವಿಯ ಒಂದು ಹಳ್ಳಿಗೆ ಸತ್ಯವೇದ, ಅಂದರೆ ಬೈಬಲ್, ಕಲಿಸಲು ಹೋದೆವು. ಹ್ಯಾಮಿಲ್ಟನ್ ಊರಿನ ಕನ್ನಡದವರು ಚೆನ್ನಾಗಿ ಕಾಲೆಳೆದರು. "ಜನ ಆಫ್ರಿಕಾಗೆ ಸಫಾರಿಗೆ ಹೋಗ್ತಾರೆ ಕಣ್ರೀ, ನೀವು ಪಾಠ ಹೇಳೋಕೆ ಹೊರಟಿದ್ದೀರಲ್ಲ!" ಮಲಾವಿಯಲ್ಲಿ ಗಂಡ ಸುತ್ತಲ ಹಳ್ಳಿಗಳ ಪಾಸ್ಟರುಗಳಿಗೆ ಪಾಠ ಮಾಡುತ್ತಿದ್ದರು. ನನ್ನ ಪಾಲಿಗೆ ಹೆಂಗಸರು. ಮೆಕ್ಕೆಜೋಳ ಕುಟ್ಟಿ ಮುಗಿಸಿ, ಮಾವಿನ ಮರದಡಿ ಚಾಪೆ ಹಾಕಿಕೊಂಡು ಕೂರುತ್ತಿದ್ದರು. ಹೆಚ್ಚಿನವರಿಗೆ ಓದು ಬಾರದು. ನಾನು ಬೈಬಲಿನ ಒಂದು ಕಥೆ ಹೇಳಿದರೆ, ಅವರು ಒಬ್ಬೊಬ್ಬರಾಗಿ ಒಂದು ಮಾತೂ ಬಿಡದೆ ತಿರುಗಿ ಹೇಳಬೇಕು. ಆಮೇಲೆ ತಮ್ಮ ಊರಿಗೆ ಹೋಗಿ ಅಲ್ಲಿ ಹೇಳಬೇಕು.

ಇದರ ಜೊತೆಗೆ ತಿಂಗಳಿಗೊಂದು ಪ್ರಾರ್ಥನಾ ಪತ್ರ. ನಮ್ಮಂಥ ಮಿಷನರಿ ಕುಟುಂಬಗಳು ತಮ್ಮನ್ನು ಕಳಿಸಿದ ಸಭೆಗಳಿಗೆ ಇದನ್ನು ಬರೆಯಲೇಬೇಕು. ಅಲ್ಲಿಯವರು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡು ನಮಗಾಗಿ ಪ್ರಾರ್ಥಿಸುತ್ತಾರೆ. ಎಲ್ಲ ಕ್ಷೇಮ ಎಂದು ಬರೆದರೆ ಸಾಲದು, ಇಂಥದ್ದಕ್ಕೆ ಪ್ರಾರ್ಥಿಸಿ ಎಂದು ಬಿಡಿಸಿ ಹೇಳಬೇಕು. ಬಾವಿ ಬತ್ತಿದ್ದು, ಗಂಡನ ಸೊಂಟ ನೋವು, ಎಲ್ಲವನ್ನೂ ಬರೆದೆ. ಎಂಟನೇ ವಯಸ್ಸಿನಲ್ಲಿ ಮಗಳಿಗೆ ಜೋರು ಮಲೇರಿಯಾ ಬಂದು ಹೋದ ಮೇಲೆ ಅವಳು ಎಲ್ಲದಕ್ಕೂ ಹೆದರತೊಡಗಿದಳು, ಹಾಸಿಗೆ ಒದ್ದೆಯಾಗತೊಡಗಿತು. ನನಗೆ ದಿಕ್ಕೇ ತೋಚಲಿಲ್ಲ. ಡಾಕ್ಟರು ಮೂರು ಗಂಟೆ ದೂರ, ಅಮ್ಮ ಮೈಸೂರಿನಲ್ಲಿ. ಅದನ್ನೂ ಬರೆದೆ. ಪ್ರಾರ್ಥನೆಯಲ್ಲಿ ನನಗೆ ನಂಬಿಕೆಯಿತ್ತು, ಈಗಲೂ ಇದೆ. ಆದರೆ ಸುಳ್ಳು ಹೇಳಲಾರೆ, ಆ ಪ್ಯಾರಾ ಚೆನ್ನಾಗಿ ಬಂದಿದೆ ಎಂದು ಒಳಗೊಳಗೇ ಹಿಗ್ಗಿಯೂ ಇದ್ದೆ. (ಈಗ ಬರೆಯುತ್ತಿರುವ ಇದನ್ನು ಮಾತ್ರ ಅವಳಿಗೆ ಮೊದಲೇ ಓದಲು ಕೊಟ್ಟಿದ್ದೇನೆ. ಎರಡು ಸಾಲು ಹೊಡೆದು ಹಾಕಿದಳು.)

ಸಭೆಯವರೊಬ್ಬರು ನಮಗೆ ಇರಲು ಬಿಟ್ಟುಕೊಟ್ಟಿದ್ದ ಮನೆಯ ಫ್ರಿಜ್ಜಿನ ಮೇಲೂ ನನ್ನ ಪತ್ರಗಳಿದ್ದವು. ಆ ಭಾನುವಾರ ಮನೆಗೆ ಬಂದವಳೇ ಮಗಳು ನಿಂತಲ್ಲೇ ಎಲ್ಲವನ್ನೂ ಓದಿದಳು. ಹಾಸಿಗೆಯ ವಿಷಯ, ಇದ್ದೊಬ್ಬ ಗೆಳತಿ ಟೂ ಬಿಟ್ಟದ್ದು, ಒಬ್ಬಳೇ ಕೂತು ಅತ್ತದ್ದು.

"ಅಮ್ಮ, ಇದನ್ನ ಎಷ್ಟು ಜನ ಓದಿದಾರೆ?"

"ನಮ್ಮವರೇ ಪುಟ್ಟಿ, ಪ್ರಾರ್ಥನೆ ಮಾಡೋರು."

"ಎಷ್ಟು ಜನ?"

ನನಗೆ ಗೊತ್ತಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಹಾಗೆ. ಆ ಪತ್ರಗಳನ್ನು ಕಿತ್ತು ಬ್ಯಾಗಿಗೆ ತುರುಕಿದೆ. ಆಕ್ಲೆಂಡ್, ಕ್ರೈಸ್ಟ್‌ಚರ್ಚ್ ಅಂತ ಯಾರ್‍ಯಾರ ಅಡುಗೆಮನೆಗೆ ಹೋಗಿ ಕೀಳಲಿ?

ಅಂದಿನಿಂದ ಅವಳ ಬಾಯಿಗೆ ಬೀಗ ಬಿತ್ತು. ಜಗಳವಿಲ್ಲ, ಅಳುವಿಲ್ಲ. ಕೇಳಿದ್ದಕ್ಕೆಲ್ಲ "ಚೆನ್ನಾಗಿದೀನಿ" ಎನ್ನುತ್ತಿದ್ದಳು. ಇನ್ನೆರಡು ತಿಂಗಳಿಗೆ ಮಲಾವಿಗೆ ವಾಪಸ್ಸು. ಮಲೇರಿಯಾ ಇರುವ ಆ ಹಳ್ಳಿಯಲ್ಲಿ ಮಗು ತಲೆನೋವು ಅಂದ ಕೂಡಲೇ ತಾಯಿ ಏಳಬೇಕು. ಹೇಳದ ಮಗುವನ್ನು ಅಲ್ಲಿ ಹೇಗೆ ಕಾಪಾಡಿಕೊಳ್ಳಲಿ? ಗಂಡ, "ಮಕ್ಕಳು ಮರೀತಾರೆ ಬಿಡು" ಎಂದರು. ನಾನು ನಾಚಿಕೆಬಿಟ್ಟು ಅವಳ ಕೋಣೆಯ ಬಾಗಿಲಿಗೆ ಕಿವಿಕೊಟ್ಟು ನಿಲ್ಲತೊಡಗಿದೆ.

ಮೂರನೇ ವಾರದ ಬುಧವಾರ ಅವಳು ಟೋಸ್ಟ್ ಮುಟ್ಟಲಿಲ್ಲ. ಹಸಿವಿಲ್ಲ, ಓದುತ್ತೇನೆ ಎಂದು ಸ್ವೆಟರ್ ಹಾಕಿಕೊಂಡು ಕೋಣೆಗೆ ಹೋದಳು. ಮಲಾವಿಯಲ್ಲಾಗಿದ್ದರೆ ತಕ್ಷಣ ಹಣೆ ಮುಟ್ಟುತ್ತಿದ್ದೆ. ಇಲ್ಲಿ ಆ ಚಳಿಯಲ್ಲಿ ಎಲ್ಲರೂ ಸ್ವೆಟರ್ ಹಾಕಿದವರೇ. ಮಧ್ಯಾಹ್ನ ಊಟಕ್ಕೆ ಕರೆಯಲು ಹೋದರೆ ಹೊದಿಕೆಯಡಿ ಗಡಗಡ ನಡುಗುತ್ತಿದ್ದಳು. ಮೈ ಕೆಂಡ.

ಆಸ್ಪತ್ರೆಯಲ್ಲಿ ರಕ್ತ ನೋಡಿ ಮಲೇರಿಯಾ ಎಂದರು. ಮಲಾವಿಯಿಂದಲೇ ಮೈಯಲ್ಲಿ ಹೊತ್ತು ತಂದಿದ್ದಳು. ಎಂದಿನಿಂದ ಜ್ವರ ಎಂದು ಡಾಕ್ಟರ್ ಕೇಳಿದಾಗ, ಬೆಳಿಗ್ಗೆಯಿಂದ ಎಂದೆ.

"ಭಾನುವಾರದಿಂದ," ಎಂದಳು ಮಗಳು, ಡಾಕ್ಟರಿಗೆ, ಇಂಗ್ಲಿಷಿನಲ್ಲಿ.

ಚಿಕಿತ್ಸೆ ಮೂರು ದಿನ ತಡವಾದ ಮಕ್ಕಳನ್ನು ಮಣ್ಣು ಮಾಡುವಾಗ ನಾನು ಆ ಹಳ್ಳಿಯಲ್ಲಿ ತಾಯಂದಿರ ಪಕ್ಕ ನಿಂತಿದ್ದೇನೆ.

"ಯಾಕೆ ಹೇಳ್ಲಿಲ್ಲ ಚಿನ್ನ?"

ಕಣ್ಣು ಮುಚ್ಚಿಕೊಂಡೇ ಹೇಳಿದಳು. "ನೀನು ಬರೀತೀಯಲ್ಲ."

ಡ್ರಿಪ್ ಹಾಕಿದ ಸ್ವಲ್ಪ ಹೊತ್ತಿಗೆ ನಮ್ಮ ಸಭೆಯ ಪಾಸ್ಟರ್ ಫೋನ್ ಮಾಡಿದರು. ನಮ್ಮ ಕಾರು ಆಸ್ಪತ್ರೆಯೆದುರು ನಿಂತದ್ದನ್ನು ಯಾರೋ ನೋಡಿದ್ದರಂತೆ. ಏನಾಗಿದೆ ಹೇಳಿ, ಈಗಲೇ ಎಲ್ಲರಿಗೂ ತಿಳಿಸಿ ಪ್ರಾರ್ಥನೆ ಶುರು ಮಾಡಿಸುತ್ತೇನೆ ಎಂದರು. ಭಯವಿಲ್ಲ ಎಂದು ಡಾಕ್ಟರ್ ಇನ್ನೂ ಹೇಳಿರಲಿಲ್ಲ. ಆ ಗಳಿಗೆಯಲ್ಲಿ ನನಗೆ ಬೇಕಿದ್ದದ್ದು ಅದೊಂದೇ, ಊರೂರಿನ ಆ ಮನೆಗಳಲ್ಲೆಲ್ಲ ಜನ ಮೊಣಕಾಲೂರುವುದು. ಹೇಳಬೇಕಾದ ವಾಕ್ಯ ಬಾಯಿಗೆ ಬಂದೂ ಆಗಿತ್ತು. ಮಗಳು ಕಣ್ಣು ತೆರೆದು ನನ್ನ ಬಾಯನ್ನೇ ನೋಡುತ್ತಿದ್ದಳು.

"ಕ್ಷಮಿಸಿ ಪಾಸ್ಟರ್, ನಾನು ಏನೂ ಹೇಳಲಾರೆ," ಎಂದೆ. "ಯಾರಿಗೂ ತಿಳಿಸಬೇಡಿ."

ಫೋನ್ ಇಟ್ಟೆ. ಇವಳಿಗೇನಾದರೂ ಆದರೆ, ಪ್ರಾರ್ಥನೆ ಬೇಡವೆಂದ ತಾಯಿ ನಾನೇ. ಪ್ರಾರ್ಥಿಸೋಣವೆಂದರೆ "ಕರ್ತನೇ, ಕರ್ತನೇ" ಎಂಬುದರಾಚೆ ಒಂದು ಪದವೂ ಹುಟ್ಟಲಿಲ್ಲ.

"ಅಮ್ಮ," ಎಂದಳು ಮಗಳು. "ತಲೆ ತುಂಬಾ ನೋಯ್ತಿದೆ."

ಆ ಮೂರು ವಾರಗಳಲ್ಲಿ ನಾನು ಕೇಳದೆ ಅವಳು ತಾನಾಗಿ ನನಗೆ ಹೇಳಿದ ಮೊದಲ ಮಾತು ಅದು.