ತಕರಾರು ತಾತ
ಸಂರಕ್ಷಿತ ಹಳೇ ಕೇರಿಯಲ್ಲಿ ಯಾರಾದರೂ ಹೊಸ ಮನೆಗೆ ನಕ್ಷೆ ಕೊಟ್ಟರೆ ಸಾಕು, ಪುರಸಭೆ ಕರೆಯುವ ಅಹವಾಲು ಸಭೆಯ ಮೊದಲ ಸಾಲಿನಲ್ಲಿ ತಕರಾರು ತಾತ ಹಾಜರು. ಮಹಡಿ ತೋರಿಸಿದರೆ "ಎತ್ತರ ಜಾಸ್ತಿ," ಮಹಡಿ ಬಿಟ್ಟರೆ "ಬೀದಿಗೆ ಕುಳ್ಳಾಯ್ತು"; ಹಂಚು ಹೊದಿಸಿದರೆ "ಹಳೇದರ ನಕಲು," ತಾರಸಿಯಾದರೆ "ಹಳೇದಕ್ಕೆ ಅವಮಾನ." "ಇಲ್ಲಿಗೆ ಹೊಸ ಇಟ್ಟಿಗೆ ಒಂದೂ ಬರಕೂಡದು, ಅಷ್ಟೇ!" ಎಂದು ಕೊಡೆಯಿಂದ ನೆಲ ಕುಟ್ಟಿದರೆಂದರೆ ಎಂಜಿನಿಯರ್ ಪಾಪ, ನಕ್ಷೆ ಸುತ್ತಿಕೊಂಡು ಜಾಗ ಖಾಲಿ ಮಾಡಬೇಕು. ಗೆದ್ದ ಹುರುಪಿನಲ್ಲಿ ತಾತ ಮನೆಗೆ ಬಂದರೆ, ಅಪ್ಪನನ್ನು ನೋಡಲು ಬಂದ ಮಗಳು ಊರಾಚೆಯ ಬಾಡಿಗೆ ಮನೆಗೆ ಹೊರಟು ನಿಂತಿರುತ್ತಾಳೆ. ನಿದ್ದೆ ಹೋದ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ಬಸ್ ನಿಲ್ದಾಣದವರೆಗೆ ನಡೆಯುತ್ತಾ ಪ್ರತಿ ಸಲವೂ ಗೊಣಗುತ್ತಾರೆ: "ಅಲ್ಲಮ್ಮಾ, ಇಲ್ಲೇ ನಮ್ಮ ಕೇರೀಲಿ ಒಂದು ಮನೆ ಸಿಗಬಾರದಾ ನಿಂಗೆ?"