ಹನ್ನೆರಡು ಖಾಲಿ ಚೌಕ

ಸ್ವಂತ ಹೆಸರಿನಲ್ಲಿ ನಾನು ಹಾಕಿದ ಮೊದಲ ಅರ್ಜಿಯಲ್ಲಿ ಹನ್ನೆರಡು ಚಿತ್ರ ಇರಬೇಕಿತ್ತು. ಮೇಟಗಳ್ಳಿಯ ಕರಕುಶಲ ಇಲಾಖೆಯ ಆಫೀಸಿನಲ್ಲಿ ಗುಮಾಸ್ತರು ನನ್ನ ಫ್ಲಾಪಿ ಹಾಕಿ ತೆರೆದಾಗ ಒಂದೂ ಇರಲಿಲ್ಲ. ಬರೆಸಿದ ಮಾತೆಲ್ಲ ಸರಿಯಾಗಿತ್ತು. ಚಿತ್ರ ಇರಬೇಕಾದ ಕಡೆ ಮಾತ್ರ ಒಂದೊಂದು ಖಾಲಿ ಚೌಕ, ಮೂಲೆಯಲ್ಲಿ ಸಣ್ಣ ಕೆಂಪು ಇಂಟು ಗುರುತು. ತಪ್ಪು ಲೆಕ್ಕಕ್ಕೆ ಮೇಷ್ಟ್ರು ಹಾಕುತ್ತಿದ್ದರಲ್ಲ, ಅಂಥದ್ದೇ.

“ಚಿತ್ರ ಇಲ್ದೆ ಇದನ್ನ ಡೆಲ್ಲಿಗೆ ಹೆಂಗ್ರೀ ಕಳ್ಸೋದು?” ಅಂದರು ಗುಮಾಸ್ತರು. “ಐದು ಗಂಟೆ ತನಕ ಇರ್ತೀನಿ. ಆಮೇಲೆ ಬಂದ್ರೆ ಆಗಲ್ಲ.”

ಗಡಿಯಾರದಲ್ಲಿ ಎರಡೂವರೆ.

ನನ್ನದು ಇನ್ಲೇ ಕೆಲಸ. ಬೀಟೆ ಮರದ ಹಲಗೆಯಲ್ಲಿ ಗುಣಿ ತೋಡಿ, ಬೇರೆ ಬೇರೆ ಬಣ್ಣದ ಮರದ ಚೂರು ಕೂರಿಸಿ ಚಿತ್ರ ಮಾಡುವುದು. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟು ಒಬ್ಬ ಯಜಮಾನರ ಕಾರ್ಖಾನೆಗೆ ಸೇರಿದವನು, ಇಪ್ಪತ್ತೆರಡು ವರ್ಷ ಅಲ್ಲೇ ದುಡಿದೆ. ಚಿತ್ರ ಬರೆಯುವವನು ನಾನು, ಕೊಯ್ಯುವವನು ನಾನು. ಹಲಗೆಯ ಹಿಂದೆ ಬೀಳುತ್ತಿದ್ದ ಮುದ್ರೆ ಅವರದು. ಬಿಟ್ಟು ಬಂದು ಸ್ವಂತ ಕೆಲಸ ಶುರು ಮಾಡಿದ ಮೇಲೂ, ನನ್ನ ಹೊಸ ಚಿತ್ರ ಒಂದು ಅಂಗಡಿಗೆ ಹೋದರೆ ತಿಂಗಳೊಳಗೆ ಅದರ ನಕಲು ಯಜಮಾನರ ಅಂಗಡಿಯಲ್ಲಿ ತೂಗುತ್ತಿತ್ತು. ಹಾಗಾಗಿ ಬರೆದ ಕಾಗದವನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕುವುದು ಅಭ್ಯಾಸವಾಯಿತು.

ಈ ಅರ್ಜಿ ಡೆಲ್ಲಿಯ ಕರಕುಶಲ ಮೇಳಕ್ಕೆ. ಆರಿಸಿದರೆ ಒಂದು ಮಳಿಗೆ, ಅದರ ಮೇಲೆ ಕೆಲಸಗಾರನದೇ ಹೆಸರು. ನನ್ನ ಹೆಸರಿನ ಬೋರ್ಡು ಅಲ್ಲಿಯವರೆಗೆ ಎಲ್ಲೂ ಇರಲಿಲ್ಲ.

ಅರ್ಜಿ ಕಂಪ್ಯೂಟರಿನಲ್ಲೇ ಆಗಬೇಕು ಅಂದಿದ್ದರಿಂದ ಎರಡು ದಿನ ಮೊದಲು ಮಂಡಿ ಮೊಹಲ್ಲಾದ ಒಂದು ಸೆಂಟರಿಗೆ ಹೋಗಿದ್ದೆ. ನಡೆಸುತ್ತಿದ್ದವರು ಒಬ್ಬ ಹೆಣ್ಣುಮಗಳು. ನನ್ನ ಹಲಗೆಗಳ ಫೋಟೋಗಳನ್ನು ಸ್ಕ್ಯಾನ್ ಮಾಡಿ, ಅರ್ಜಿಗೆ ಹಾಕಿ ತೋರಿಸಿದರು. ಚೆನ್ನಾಗಿ ಕಂಡಿತು. ಫ್ಲಾಪಿ ಕೈಗೆ ಬಂದ ಮೇಲೆ ನಾನೊಂದು ಷರತ್ತು ಹಾಕಿದೆ.

“ನನ್ನ ಚಿತ್ರ ಒಂದೂ ಈ ಪೆಟ್ಟಿಗೇಲಿ ಉಳೀಬಾರ್ದು. ನನ್ನ ಕಣ್ಣೆದುರಿಗೇ ಅಳಿಸಿ.”

ಅವರು ಒಂದೊಂದಾಗಿ ಅಳಿಸಿದರು. ನಾನು ಬೆರಳು ಮಡಿಸಿ ಹನ್ನೆರಡು ಎಣಿಸಿದೆ. ಹೊರಗೆ ಬಂದರೆ ಬಾಗಿಲ ಪಕ್ಕದಲ್ಲೇ ಹಳೇ ಯಜಮಾನರ ಸ್ಕೂಟರ್ ನಿಂತಿತ್ತು.

ಮೇಟಗಳ್ಳಿಯಿಂದ ವಾಪಸ್ ಮೊಪೆಡ್ ಓಡಿಸುವಾಗ ಕಣ್ಣ ಮುಂದೆ ಇದ್ದದ್ದು ಆ ಸ್ಕೂಟರೇ. ಸೆಂಟರಿನಾಕೆ ಚಿತ್ರ ಕಿತ್ತು ಯಜಮಾನರಿಗೆ ಕೊಟ್ಟು, ನನಗೆ ಚೌಕ ಕೊಟ್ಟಿದ್ದಾರೆ. ಬೇರೆ ಏನಿರುತ್ತೆ?

ಸೆಂಟರಿನಲ್ಲಿ ಫ್ಲಾಪಿ ಹಾಕಿದರೆ ಅಲ್ಲೂ ಅದೇ ಹನ್ನೆರಡು ಇಂಟು.

“ಎಲ್ಲಿಗೆ ಹೋದ್ವು ಮೇಡಂ?”

“ನೀವೇ ಅಳಿಸಿ ಅಂದ್ರಲ್ಲಣ್ಣ.”

“ಪೆಟ್ಟಿಗೆಯಿಂದ ಅಳಿಸಿ ಅಂದೆ. ಅರ್ಜಿಯಿಂದ ಅಳಿಸಿ ಅಂದ್ನಾ?”

ಆಕೆ ಒಂದು ಚೌಕದ ಮೇಲೆ ಒತ್ತಿ ಏನೋ ನೋಡಿದರು. ಆಮೇಲೆ ಹಣೆ ಒತ್ತಿಕೊಂಡರು.

“ಫ್ಲಾಪೀಲಿ ಜಾಗ ಸಾಲಲ್ಲ ಅಂತ ಅರ್ಜಿಯೊಳಗೆ ಚಿತ್ರ ಕೂರಿಸಿರ್ಲಿಲ್ಲ ಅಣ್ಣ. ಚಿತ್ರ ಎಲ್ಲಿದೆ ಅನ್ನೋ ವಿಳಾಸ ಮಾತ್ರ ಕೊಟ್ಟಿದ್ದೆ. ತೆರೆದಾಗ ಅದು ಅಲ್ಲಿಂದ ತಂದು ತೋರಿಸ್ತಿತ್ತು. ಇಲ್ಲಿ ಕಾಣ್ತಿತ್ತಲ್ಲ, ಅಲ್ಲೂ ಕಾಣತ್ತೆ ಅಂದ್ಕೊಂಬುಟ್ಟೆ. ತಪ್ಪು ನಂದೂ ಇದೆ.”

“ಅಂದ್ರೆ, ಗುಣಿ ತೋಡಿ ಚೂರು ಕೂರಿಸದೇನೇ ಹಲಗೆ ಕಳಿಸಿದಂಗೆ?”

“ಹೂಂ. ಚೂರೆಲ್ಲ ಇಲ್ಲಿತ್ತು. ಅದನ್ನ ನೀವು ಎಸೆಸಿದ್ರಿ.”

ಮಾತು ನನಗೆ ಅರ್ಥವಾಯಿತು. ನಂಬಿಕೆ ಬರಲಿಲ್ಲ. “ಅವತ್ತು ನಮ್ಮ ಹಳೇ ಯಜಮಾನ್ರು ಬಾಗಿಲಲ್ಲಿ ಸ್ಕೂಟರ್ ನಿಲ್ಸಿ ಇಲ್ಲಿಗೆ ಬಂದಿದ್ರಲ್ಲ?” ಅಂದೆ.

“ಯಾರು, ಆ ಸ್ಕೂಟರ್‌ನೋರಾ? ಅವ್ರು ಪಕ್ಕದ ಗಿರಣಿಗೆ ರಾಗಿ ತರ್ತಾರೆ ಕಣಣ್ಣ.”

ಯಜಮಾನರು ತಾವೇ ರಾಗಿ ಹೊತ್ತದ್ದನ್ನು ಇಪ್ಪತ್ತೆರಡು ವರ್ಷದಲ್ಲಿ ನಾನು ಕಂಡಿರಲಿಲ್ಲ.

“ಫೋಟೋ ತನ್ನಿ, ಮತ್ತೆ ಸ್ಕ್ಯಾನ್ ಮಾಡೋಣ,” ಅಂದರು. ಫೋಟೋ ಬೀರುವಿನಲ್ಲಿ. ಬೀಗದ ಕೈ ಹೆಂಡತಿಯ ಸೊಂಟದಲ್ಲಿ. ಹೆಂಡತಿ ಚಾಮುಂಡಿ ಬೆಟ್ಟದಲ್ಲಿ. ಆಷಾಢ ಶುಕ್ರವಾರದ ಕ್ಯೂನಲ್ಲಿ ಅವಳನ್ನು ಹುಡುಕುವವರು ಯಾರು? ಬೀಗದ ಕೈಯನ್ನು ಮನೆಯಲ್ಲಿ ಬಿಡಬೇಡ ಅಂತ ಬೆಳಿಗ್ಗೆ ಹೇಳಿ ಕಳಿಸಿದವನೂ ನಾನೇ.

ಹೇಳಿದ್ದಕ್ಕೆ ಆಕೆ ನಗು ತಡೆದುಕೊಂಡು, “ಇರಿ, ಒಂದು ಕಡೆ ನೋಡ್ತೀನಿ,” ಅಂದರು. ಪರದೆಯ ಮೂಲೆಯಲ್ಲಿ ಕಸದ ಬುಟ್ಟಿಯ ಚಿತ್ರವೊಂದಿತ್ತು. ಒತ್ತಿದರು. ಒಳಗೆ ನನ್ನ ಹನ್ನೆರಡೂ ಚಿತ್ರ! ಟಾಂಗಾ ಬಿಚ್ಚಿ ಮೇವು ತಿನ್ನುವ ಕುದುರೆ, ಮಾರ್ಕೆಟ್ಟಿನ ಎಲೆ ಅಂಗಡಿಯವಳು, ಎಲ್ಲ.

ಜೀವ ಬಂತು. ಅದರ ಹಿಂದೆಯೇ ಮೈ ಉರಿಯಿತು.

“ಅಂದ್ರೆ ಅವತ್ತು ಅಳಿಸಿದ್ದು ಸುಳ್ಳಾ?”

“ಸುಳ್ಳಲ್ಲ. ಅಳಿಸಿದ್ದು ಮೊದ್ಲು ಇಲ್ಲಿ ಬೀಳತ್ತೆ. ಬುಟ್ಟಿ ಖಾಲಿ ಮಾಡೋ ತನಕ ಇಲ್ಲೇ ಇರತ್ತೆ.”

“ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?”

“ನೀವು ಎಣಿಸ್ತಾ ಇದ್ರಿ.” ಕೈ ಮೌಸಿನ ಮೇಲೇ ಇತ್ತು. “ಈಗೇನು, ವಾಪಸ್ ತೆಗೀಲಾ? ಇಲ್ಲಾ ಬುಟ್ಟೀನೂ ಖಾಲಿ ಮಾಡ್ಬುಡ್ಲಾ?”

“ತೆಗೀರಿ.”

ತೆಗೆದರು. ಈ ಸಲ ವಿಳಾಸ ಬಿಟ್ಟು ಚಿತ್ರಗಳನ್ನೇ ಅರ್ಜಿಯೊಳಗೆ ಕೂರಿಸಿದರು. ಫ್ಲಾಪಿ ಸಾಲದೆ ಸಿ.ಡಿ.ಗೆ ಹಾಕಿದರು. ಇಲ್ಲೇ ತೆರೆದು ತೋರಿಸಿ ಅಂದರೆ ಒಪ್ಪಲಿಲ್ಲ. “ಇದ್ರಲ್ಲಿ ಚಿತ್ರ ಹೆಂಗೂ ಇವೆ, ತಪ್ಪಿದ್ರೂ ಗೊತ್ತಾಗಲ್ಲ,” ಅಂತ ಪಕ್ಕದ ಇನ್ನೊಂದು ಕಂಪ್ಯೂಟರಿಗೆ ಹಾಕಿದರು. ಅಲ್ಲೂ ಕುದುರೆ ಮೇವು ತಿನ್ನುತ್ತಿತ್ತು. ಒಂದು ಕೆಲಸವನ್ನು ಎರಡು ಕಡೆಯಿಂದ ಪರೀಕ್ಷೆ ಮಾಡುವುದು ನನಗೆ ಹಿಡಿಸಿತು. ಹೇಳಲಿಲ್ಲ.

ಮೇಟಗಳ್ಳಿ ತಲುಪಿದಾಗ ಐದಕ್ಕೆ ಇಪ್ಪತ್ತು ನಿಮಿಷ ಇತ್ತು. ಗುಮಾಸ್ತರು ಕುದುರೆಯ ಹತ್ತಿರ ಮುಖ ಒಯ್ದರು.

“ಇದು ಮರಾನಾ? ಬಣ್ಣ ಹಚ್ಚಿಲ್ವಾ?”

“ಒಂದು ಹನಿ ಹಚ್ಚಿಲ್ಲ ಸಾರ್.”

ಅವರು ಪಕ್ಕದ ಮೇಜಿನವರನ್ನೂ ಕರೆದು ತೋರಿಸಿದರು. ನಾನು ಆ ಮನುಷ್ಯನ ಜೇಬಿನಲ್ಲಿ ನಕಲು ಇಳಿಸಿಕೊಳ್ಳಲು ಪೆನ್ಸಿಲ್ ಇದೆಯೇನೋ ಅಂತ ನೋಡಿದೆ. ಸ್ವೀಕೃತಿಗೆ ಸೀಲು ಬಿತ್ತು. ಎರಡು ತಿಂಗಳಾದ ಮೇಲೆ ಡೆಲ್ಲಿಯಿಂದ ಪತ್ರವೂ ಬಂತು. ಆ ಮಳಿಗೆಯ ಬೋರ್ಡು ಇವತ್ತಿಗೂ ನನ್ನ ಕಾರ್ಖಾನೆಯ ಗೋಡೆಯ ಮೇಲಿದೆ.

ಅವತ್ತು ಸಂಜೆ ಆಫೀಸಿನಿಂದ ನೇರ ಮತ್ತೆ ಸೆಂಟರಿಗೇ ಹೋದೆ. ನನ್ನನ್ನು ಕಂಡದ್ದೇ ಆಕೆ ಹನ್ನೆರಡನ್ನೂ ಬುಟ್ಟಿಗೆ ಹಾಕಿ, ಕುರ್ಚಿ ಬಿಟ್ಟು ಎದ್ದರು. “ಬನ್ನಿ. ಈ ಸಲ ನೀವೇ ಖಾಲಿ ಮಾಡಿ, ಅನುಮಾನಾನೇ ಬೇಡ.”

ಕೂತೆ. ಕೂದಲೆಳೆ ಗೆರೆಯ ಮೇಲೆ ಗರಗಸ ಓಡಿಸುವ ಕೈ, ಪರದೆಯ ಮೇಲೆ ಓಡುವ ಮೌಸಿನ ಬಾಣವನ್ನು ಬುಟ್ಟಿಯ ಮೇಲೆ ನಿಲ್ಲಿಸಲಾರದೆ ಹೋಯಿತು. ಕೊನೆಗೆ ಹೇಗೋ ನಿಲ್ಲಿಸಿ ಇನ್ನೇನು ಒತ್ತಬೇಕು, ಆಕೆ ಹಿಂದಿನಿಂದ, “ಡೆಲ್ಲಿಯೋರು ಇನ್ನೊಂದು ಸಲ ಕಳ್ಸಿ ಅಂದ್ರೆ?” ಅಂದರು.

ಮೌಸು ಬಿಟ್ಟೆ. “ಇರ್ಲಿ ಬುಡಿ,” ಅಂದು ಎದ್ದು ಬಂದೆ.

ಹಾಗಂತ ನೇರ ಮನೆಗೆ ಹೋಗಲಿಲ್ಲ. ಪಕ್ಕದ ಗಿರಣಿಗೆ ಹೋಗಿ, ಹಳೇ ಯಜಮಾನರ ಹೆಸರು ಹೇಳಿ, ಇಲ್ಲಿಗೆ ಬರ್ತಾರಾ ಅಂತ ಕೇಳಿದೆ.

“ವಾರಕ್ಕೊಂದ್ಸಲ ಬತ್ತಾರೆ. ಅಗೋ, ಅವ್ರುದೇ ಚೀಲ,” ಅಂದು ಗಿರಣಿಯವನು ಇನ್ನೊಬ್ಬರ ಹಿಟ್ಟು ತುಂಬಲು ಆಚೆ ತಿರುಗಿದ.

ನಾನು ಚೀಲದ ಬಾಯಿ ಬಿಚ್ಚಿ ಮೊಣಕೈವರೆಗೆ ಕೈ ಇಳಿಸಿದೆ. ತಳದವರೆಗೂ ರಾಗಿಯೇ ಇತ್ತು.